ಅಟ್ಟದ ಟ್ರಂಕಿನ ಚಿತ್ರಕಥೆಗಳು: ತೂಕಕ್ಕೆ ಹಾಕುವ ಮುನ್ನ

ಅಮರ ಚಿತ್ರ ಕಥೆ ಸರಣಿಯ 'ಕೃಷ್ಣ' ಪುಸ್ತಕ ಯಾರಿಗೆ ಗೊತ್ತಿಲ್ಲ? ಆದರೆ ಅದರ ಸಂಖ್ಯೆ 11 ಎಂಬುದನ್ನು ಗಮನಿಸಿದವರು ಕಡಿಮೆ. ಒಂದರಿಂದ ಹತ್ತರವರೆಗಿನ ಪುಸ್ತಕಗಳು ಹುಟ್ಟಿದ್ದು ಬೆಂಗಳೂರಿನಲ್ಲಿ, ಅದೂ ಕನ್ನಡದಲ್ಲಿ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿ ಪುಸ್ತಕ ಮಾರಾಟ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ 1965ರಲ್ಲಿ ಸಿಂಡ್ರೆಲ್ಲಾ, ಪಿನೋಕಿಯೊ, ಸ್ನೋವೈಟ್‌ನಂಥ ಪಶ್ಚಿಮದ ಮಕ್ಕಳ ಕಥೆಗಳನ್ನು ಕನ್ನಡ ಚಿತ್ರಕಥೆಗಳಾಗಿ ತಂದರು. ಅವು ಚೆನ್ನಾಗಿ ಖರ್ಚಾದವು. ಮುಂಬಯಿಯ ಮುಖ್ಯ ಕಚೇರಿಗೆ ಧೈರ್ಯ ಬಂದದ್ದು ಆ ವ್ಯಾಪಾರದಿಂದಲೇ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ 1967ರಿಂದ ನಮ್ಮ ಪುರಾಣ, ಇತಿಹಾಸಗಳ ಇಂಗ್ಲಿಷ್ ಸರಣಿ ಶುರುವಾದಾಗ ಎಣಿಕೆಯನ್ನು ಹನ್ನೊಂದರಿಂದ ಮುಂದುವರಿಸಿದರು. ದೇಶವೆಲ್ಲ ಓದಿದ ಚಿತ್ರಕಥೆಯ ಬೇರು ಕನ್ನಡದ್ದು.

ಈ ಮಾತನ್ನು ಮೊದಲಿಗೇ ಹೇಳಲು ಕಾರಣವಿದೆ. ಅಂಥ ಪುಸ್ತಕವೊಂದು ಈಗಲೂ ಸಿರಾದಲ್ಲೋ ಕೊರಟಗೆರೆಯಲ್ಲೋ ಯಾರದೋ ಅಟ್ಟದ ಮೇಲಿರಬಹುದು. ಇದ್ದರೆ, ಮನೆಯ ಹಿರಿಯರು ತೀರಿಕೊಂಡ ವರ್ಷದೊಳಗೆ ಅದು ಗುಜರಿ ಅಂಗಡಿಯ ತಕ್ಕಡಿ ಏರುವ ಸಾಧ್ಯತೆಯೇ ಹೆಚ್ಚು. ಮಗ ಬೆಂಗಳೂರಿನಲ್ಲಿ, ಮಗಳು ತುಮಕೂರಿನಲ್ಲಿ, ಹಳೇ ಮನೆಗೆ ಬಾಡಿಗೆದಾರರು ಬರುವವರಿದ್ದಾರೆ. "ಇವನ್ನೆಲ್ಲ ಏನ್ ಮಾಡೋದಣ್ಣ? ತೂಕಕ್ಕೆ ಹಾಕ್ಬಿಡೋಣ್ವಾ?" ಎಂದು ತಂಗಿ ಕೇಳುತ್ತಾಳೆ. ಅಣ್ಣನ ಹತ್ತಿರ ಉತ್ತರವಿರುವುದಿಲ್ಲ. ಅಪ್ಪನ ಜಮೀನಿಗೆ ಪಹಣಿ ಇರುತ್ತದೆ, ಚಿನ್ನಕ್ಕೆ ಆ ದಿನದ ಧಾರಣೆ ಇರುತ್ತದೆ. ಒಂದು ಟ್ರಂಕು ಚಂದಮಾಮ, ಫ್ಯಾಂಟಮ್, ಅಮರ ಚಿತ್ರ ಕಥೆಗೆ ಎರಡೂ ಇಲ್ಲ. ಈ ಲೇಖನ ಆ ಅಣ್ಣ ತಂಗಿಯಂಥವರಿಗಾಗಿ.

ನಾಲ್ಕು ತಾಲ್ಲೂಕಿನ ಟ್ರಂಕುಗಳು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಕಂದಾಯ ಲೆಕ್ಕದಲ್ಲಿ ತುಮಕೂರಿಗೆ ಸೇರಿದರೂ ಶಾಲೆಗಳ ಲೆಕ್ಕದಲ್ಲಿ ಇದು ಬೇರೆಯೇ ಜಿಲ್ಲೆ. ಮಳೆ ಕಡಿಮೆಯ, ಕಡಲೆಕಾಯಿ ಬೆಳೆಯುವ ಈ ಸೀಮೆಯಲ್ಲಿ ತಿಂಗಳ ಸಂಬಳ ಎಣಿಸುತ್ತಿದ್ದವರೆಂದರೆ ಹೆಚ್ಚಾಗಿ ಮೇಷ್ಟ್ರು, ಅಂಚೆ ನೌಕರರು, ಕಂದಾಯ ಇಲಾಖೆಯವರು. ಮಕ್ಕಳಿಗೆಂದು ಪತ್ರಿಕೆಗೆ ಚಂದಾ ಕಟ್ಟುವ, ಬೆಂಗಳೂರಿಗೆ ಹೋದಾಗ ಮರೆಯದೆ ಚಿತ್ರಕಥೆ ತರುವ ರೂಢಿ ಇದ್ದದ್ದೂ ಅಂಥ ಮನೆಗಳಲ್ಲೇ.

ಇಲ್ಲಿಗೆ ಪುಸ್ತಕ ಬರುತ್ತಿದ್ದ ದಾರಿಯನ್ನೂ ನೆನೆಯಬೇಕು. ಆ ಕಾಲದಲ್ಲಿ ಈ ನಾಲ್ಕು ಊರುಗಳಲ್ಲಿ ಒಂದಕ್ಕೂ ರೈಲಿರಲಿಲ್ಲ. ಬೇರೆ ಊರಿನ ಮಕ್ಕಳಿಗೆ ರೈಲು ನಿಲ್ದಾಣದ ಪುಸ್ತಕದಂಗಡಿ ಒದಗಿಸುತ್ತಿದ್ದ ಭಾಗ್ಯ ನಮ್ಮವರಿಗೆ ಸಿಗಲಿಲ್ಲ. ದಿನಪತ್ರಿಕೆಯ ಕಟ್ಟಿನ ಜೊತೆ ಬಸ್ಸಿನಲ್ಲಿ ಏಜೆಂಟರಿಗೆ ಬಂದದ್ದು, ಅಂಚೆಯಲ್ಲಿ ಬಂದದ್ದು, ಊರಿಗೆ ಹೋದವರು ಚೀಲದಲ್ಲಿ ತಂದದ್ದು ಅಷ್ಟೇ. ಬಂದದ್ದೇ ಕಡಿಮೆ. ಬಂದ ಒಂದೊಂದು ಪ್ರತಿಯೂ ಬೀದಿಯ ಮಕ್ಕಳೆಲ್ಲರ ಕೈ ದಾಟಿ ಹರಿದಿರುತ್ತದೆ. ಹಾಗಾಗಿ ಇಲ್ಲಿ ಮೂವತ್ತು ನಲವತ್ತು ವರ್ಷ ಒಬ್ಬರು ಜತನ ಮಾಡಿದ ಸಂಗ್ರಹ ಸಿಕ್ಕರೆ ಅದರ ಹಿಂದೆ ಒಬ್ಬ ಮನುಷ್ಯನ ಹಟವಿತ್ತು ಎಂದೇ ಅರ್ಥ.

ಪಾವಗಡದ್ದು ಇನ್ನೂ ಒಂದು ವಿಶೇಷ. ಮೂರು ಕಡೆ ಆಂಧ್ರದ ನೆಲವಿರುವ ಆ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ಅಲ್ಲಿನ ಟ್ರಂಕಿನಲ್ಲಿ ಕನ್ನಡ ಚಂದಮಾಮದ ಪಕ್ಕದಲ್ಲೇ ಮಡಕಶಿರಾ, ಹಿಂದೂಪುರದ ಕಡೆಯಿಂದ ಬಂದ ತೆಲುಗು ಚಂದಮಾಮ ಇದ್ದರೆ ಆಶ್ಚರ್ಯಪಡಬೇಕಿಲ್ಲ. ಎರಡನ್ನೂ ಒಂದೇ ರಾಶಿ ಮಾಡಬೇಡಿ. ಕೊಳ್ಳುವವರು ಬೇರೆ, ಬೆಲೆಯೂ ಬೇರೆ.

ಕೈಯಲ್ಲಿರುವುದು ಏನೆಂದು ತಿಳಿಯುವುದು

ಮಾರುವ ಮಾತು ಆಮೇಲೆ. ಮೊದಲು ಒಂದು ಭಾನುವಾರ ಜಗಲಿಯ ಮೇಲೆ ಹಳೇ ಬಿಳಿ ಪಂಚೆ ಹಾಸಿ, ಟ್ರಂಕು ಇಳಿಸಿ, ಒಂದೊಂದನ್ನೇ ನೋಡಿ. ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಭಾಷೆ, ಸಂಖ್ಯೆ, ತಿಂಗಳು, ವರ್ಷ, ಮುಖಪುಟದ ಬೆಲೆ, ಸ್ಥಿತಿ ಬರೆಯುತ್ತ ಹೋಗಿ. ಮುಖಪುಟ, ಹಿಂಪುಟ, ಪ್ರಕಾಶಕರ ವಿವರವಿರುವ ಪುಟಗಳ ಫೋಟೊ ತೆಗೆಯಿರಿ. ಬೇಸರದ ಕೆಲಸ ಎನಿಸಬಹುದು. ಆದರೆ ಪಟ್ಟಿಯಿಲ್ಲದೆ ಮಾರಲು ಹೊರಟವರು ಕೊಳ್ಳುವವನ ಕಣ್ಣಿಗೆ ಬಿಟ್ಟಂತೆ. ಅವನಿಗೆ ಬೇಕಾದ್ದು ಅವನಿಗೆ ಗೊತ್ತಿರುತ್ತದೆ, ನಿಮಗೆ ಗೊತ್ತಿರುವುದಿಲ್ಲ.

ಅಮರ ಚಿತ್ರ ಕಥೆಯಲ್ಲಿ ಹಳೆಯದು ಯಾವುದು, ಮರುಮುದ್ರಣ ಯಾವುದು ಎಂದು ತಿಳಿಯಲು ಒಂದೆರಡು ಗುರುತುಗಳಿವೆ. ಆರಂಭದ ಸಂಚಿಕೆಗಳಲ್ಲಿ ಖರ್ಚು ಉಳಿಸಲು ಹಳದಿ, ನೀಲಿ, ಹಸಿರು ಬಣ್ಣಗಳನ್ನಷ್ಟೇ ಬಳಸುತ್ತಿದ್ದರು. ಪೂರ್ಣ ಬಣ್ಣ ಬಂದದ್ದು ಆಮೇಲೆ. ದಪ್ಪ ಹೊದಿಕೆಯ ಮರುಮುದ್ರಣಗಳು ಬಂದಾಗ ಸಂಖ್ಯೆಯನ್ನು 501ರಿಂದ ಹೊಸದಾಗಿ ಶುರುಮಾಡಿದರು. ಆದ್ದರಿಂದ 'ಕೃಷ್ಣ'ದ ಮೇಲೆ 501 ಎಂದಿದ್ದರೆ ಅದು ಈಚಿನದು, 11 ಎಂದಿದ್ದರೆ ಹಳೇ ಸರಣಿಯದು. ಹಳೇ ಸರಣಿಯಲ್ಲೂ ಹೆಸರುವಾಸಿ ಪುಸ್ತಕಗಳು ಮತ್ತೆ ಮತ್ತೆ ಅಚ್ಚಾಗಿವೆ. ಒಳಪುಟದ ಮುದ್ರಣದ ವಿವರ, ಮುಖಪುಟದ ಬೆಲೆ ಎರಡನ್ನೂ ತಾಳೆ ನೋಡಬೇಕು. ಬೆಲೆ ಕಡಿಮೆಯಿದ್ದಷ್ಟೂ ಪ್ರತಿ ಹಳೆಯದು ಎಂಬ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತದೆ.

ಇಂದ್ರಜಾಲ ಕಾಮಿಕ್ಸ್ ಟೈಮ್ಸ್ ಆಫ್ ಇಂಡಿಯಾ ಬಳಗದ್ದು. 1964ರ ಮಾರ್ಚಿನಲ್ಲಿ ಫ್ಯಾಂಟಮ್ ಕಥೆಯೊಂದಿಗೆ ಇಂಗ್ಲಿಷಿನಲ್ಲಿ ಶುರುವಾಗಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ ಹರಡಿ, 1990ರಲ್ಲಿ ನಿಂತಿತು. ಮಾಂಡ್ರೇಕ್, ಫ್ಲ್ಯಾಶ್ ಗಾರ್ಡನ್ ಬಂದರು. 1976ರಲ್ಲಿ ಆಬಿದ್ ಸುರತಿ ಅವರು ಸೃಷ್ಟಿಸಿದ ಬಹಾದೂರ್ ಬಂದ. ಇಂಗ್ಲಿಷ್ ಸರಣಿಯಲ್ಲಿ ಒಟ್ಟು 803 ಸಂಚಿಕೆಗಳಿವೆ. ಅದನ್ನು ಜೋಡಿಸುವವರು 123, 124ನೇ ಸಂಖ್ಯೆ ಸಿಗಲಿಲ್ಲವೆಂದು ಕೊರಗಬೇಕಾಗಿಲ್ಲ. ಮುಷ್ಕರದ ಕಾರಣ ಆ ಎರಡೂ ಅಚ್ಚಾಗಲೇ ಇಲ್ಲ. ಆಮೇಲಿನ ವರ್ಷಗಳಲ್ಲಿ ಬಿಡಿ ಸಂಖ್ಯೆಯ ಬದಲು ಸಂಪುಟ, ಸಂಚಿಕೆ ಎಂಬ ಕ್ರಮ ಬಂತು. ಮುಖಪುಟದ ಸಂಖ್ಯೆ ಇದ್ದಕ್ಕಿದ್ದಂತೆ ಚಿಕ್ಕದಾದದ್ದನ್ನು ಕಂಡು ಗಾಬರಿಯಾಗಬೇಡಿ. ಕನ್ನಡ ಆವೃತ್ತಿ ಇಂಗ್ಲಿಷಿಗಿಂತ ತಡವಾಗಿ ಶುರುವಾದದ್ದು, ಅದರ ಪಟ್ಟಿಯನ್ನು ಪ್ರತ್ಯೇಕವಾಗಿಯೇ ಮಾಡಿ.

ಚಂದಮಾಮ ಪೂರ್ತಿ ಚಿತ್ರಕಥೆಯಲ್ಲ, ಚಿತ್ರಗಳಿರುವ ಕಥೆಯ ಪತ್ರಿಕೆ. ಆದರೂ ನಮ್ಮ ಸೀಮೆಯ ಟ್ರಂಕುಗಳ ತಳದಲ್ಲಿ ಭಾರವಾಗಿ ಕೂತಿರುವುದು ಅದೇ. ಮದರಾಸಿನಲ್ಲಿ ಬಿ. ನಾಗಿರೆಡ್ಡಿ, ಚಕ್ರಪಾಣಿ ಅವರು 1947ರ ಜುಲೈನಲ್ಲಿ ತೆಲುಗು, ತಮಿಳಿನಲ್ಲಿ ಶುರುಮಾಡಿದ ಪತ್ರಿಕೆ ಆ ದಶಕ ಮುಗಿಯುವುದರೊಳಗೆ ಕನ್ನಡಕ್ಕೂ ಬಂತು. ಅದರ ಹಳೇ ಮುಖಪುಟಗಳಲ್ಲಿ ಕನ್ನಡಿಗ ಕಲಾವಿದ ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಚಿತ್ರಗಳಿವೆ. ಬೇತಾಳನನ್ನು ಹೆಗಲಿಗೇರಿಸಿಕೊಂಡ ವಿಕ್ರಮನನ್ನು ಬರೆದ ಶಂಕರ್ ಅವರಿಗೆ, ಅಂದರೆ ಕೆ.ಸಿ. ಶಿವಶಂಕರನ್ ಅವರಿಗೆ, ತೀರಿಕೊಂಡ ಮರುವರ್ಷ 2021ರಲ್ಲಿ ಪದ್ಮಶ್ರೀ ಸಂದಿತು. ಕಲಾವಿದರ ಹೆಸರಿನಿಂದ ಸಂಚಿಕೆ ಹುಡುಕುವವರಿದ್ದಾರೆ. ಆದ್ದರಿಂದ ಮುಖಪುಟ ಯಾರದೆಂಬುದನ್ನೂ ಪಟ್ಟಿಯಲ್ಲಿ ಬರೆದಿಡುವುದು ಒಳ್ಳೆಯದು.

ಇವುಗಳ ನಡುವೆ ಬಾಲಮಿತ್ರ, ಡಿಂಗನ ಸಾಹಸಗಳ ಬಾಲಮಂಗಳ, ಚಂಪಕ, 1980ರಲ್ಲಿ ಶುರುವಾದ ಟಿಂಕಲ್ ಇರಬಹುದು. ಸುಧಾ ವಾರಪತ್ರಿಕೆಯ ಫ್ಯಾಂಟಮ್ ಪುಟಗಳನ್ನು ಕತ್ತರಿಸಿ ದಾರದಲ್ಲಿ ಹೊಲಿದ ಕಟ್ಟು ಸಿಕ್ಕರೆ ಅದಕ್ಕೆ ಅಂಗಡಿಯಲ್ಲಿ ಬೆಲೆಯಿಲ್ಲ, ಮನೆಯಲ್ಲಿಟ್ಟುಕೊಳ್ಳಿ. ರಾಷ್ಟ್ರೋತ್ಥಾನದ ಭಾರತ-ಭಾರತಿ ಪುಸ್ತಕ ಸಂಪದದ ಪುಟ್ಟ ಪುಸ್ತಕಗಳೂ ಸಿಗುತ್ತವೆ. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ 510 ಪುಸ್ತಕ ಬಂದ ಆ ಮಾಲೆ ಮರುಮುದ್ರಣವಾಗಿದೆ. ಹಾಗಾಗಿ ಸಂಗ್ರಾಹಕರಿಗಿಂತ ಶಾಲೆಗಳಿಗೆ ಅದರ ಉಪಯೋಗ ಹೆಚ್ಚು.

ಅಮೆರಿಕದ ಸುದ್ದಿ ಮತ್ತು ನಮ್ಮ ಆಸೆ

2025ರ ನವೆಂಬರಿನಲ್ಲಿ ಒಂದು ಸುದ್ದಿ ಎಲ್ಲರ ಮೊಬೈಲಿಗೂ ಬಂದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಮೂವರು ಸೋದರರಿಗೆ, ತೀರಿಕೊಂಡ ತಾಯಿಯ ಮನೆಯ ಅಟ್ಟದಲ್ಲಿ ಹಳೇ ಪತ್ರಿಕೆಗಳ ಕೆಳಗೆ 1939ರ ಸೂಪರ್‌ಮ್ಯಾನ್ ಮೊದಲ ಸಂಚಿಕೆ ಸಿಕ್ಕಿತ್ತು. ಹರಾಜಿನಲ್ಲಿ ಅದಕ್ಕೆ 91 ಲಕ್ಷ 20 ಸಾವಿರ ಡಾಲರ್ ಬಂತು. ಅದಕ್ಕೂ ಹಿಂದೆ, 2012ರ ಫೆಬ್ರವರಿಯಲ್ಲಿ, ವರ್ಜೀನಿಯಾದ ಬಿಲ್ಲಿ ರೈಟ್ ಎಂಬವರು ಹುಡುಗನಾಗಿದ್ದಾಗ ಕೊಂಡಿಟ್ಟಿದ್ದ 345 ಕಾಮಿಕ್ಸ್ ಹರಾಜಿಗೆ ಬಂದು ಸುಮಾರು 35 ಲಕ್ಷ ಡಾಲರ್ ತಂದಿದ್ದವು. ಅವರ ಹೆಂಡತಿ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ನೆಲಮಾಳಿಗೆಯ ಕಪಾಟಿನಲ್ಲಿ ಅವು ಮೊಮ್ಮಗನ ವರಸೆಯ ಬಂಧುವಿನ ಕಣ್ಣಿಗೆ ಬಿದ್ದಿದ್ದವು.

ಇಂಥ ಸುದ್ದಿ ಓದಿ ನಮ್ಮ ಟ್ರಂಕಿಗೂ ಆ ಲೆಕ್ಕ ಹಾಕಿದರೆ ನಿರಾಶೆ ಖಂಡಿತ. ಅಲ್ಲಿ 1930ರ ದಶಕದ ಕೊನೆಯ ಸಂಚಿಕೆಗಳು ಎರಡನೇ ಮಹಾಯುದ್ಧದ ಕಾಲದ ಕಾಗದ ಸಂಗ್ರಹದಲ್ಲಿ ಬಹುಪಾಲು ಕರಗಿಹೋದವು. ಉಳಿದ ಕೆಲವಕ್ಕೆ ಕೋಟ್ಯಧಿಪತಿಗಳು ಪೈಪೋಟಿ ಮಾಡುತ್ತಾರೆ. 1970ರಿಂದ ಓವರ್‌ಸ್ಟ್ರೀಟ್ ಎಂಬ ದರಪಟ್ಟಿ ಅಚ್ಚಾಗುತ್ತಿದೆ. 2000ದಲ್ಲಿ ಶುರುವಾದ ಸಿಜಿಸಿ ಎಂಬ ಸಂಸ್ಥೆ ಪ್ರತಿಯ ಸ್ಥಿತಿಗೆ ಹತ್ತರವರೆಗೆ ಅಂಕ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿಕೊಡುತ್ತದೆ. ಕನ್ನಡ ಚಿತ್ರಕಥೆಗೆ ದರಪಟ್ಟಿಯಿಲ್ಲ, ಅಂಕಪಟ್ಟಿಯಿಲ್ಲ, ಹರಾಜು ಕೂಗುವವರಿಲ್ಲ. ಬೆಲೆ ಎಂಬುದು ಕೊಡುವವನ ತಾಳ್ಮೆಗೂ ಕೊಳ್ಳುವವನ ನೆನಪಿಗೂ ನಡುವೆ ಎಲ್ಲೋ ನಿಲ್ಲುತ್ತದೆ.

ಆದರೆ ಅಮೆರಿಕದ ಆ ಮನೆಗಳಿಂದ ಕಲಿಯುವುದೊಂದಿದೆ. ಬಿಲ್ಲಿ ರೈಟ್ ಸಂಗ್ರಹವನ್ನು ಇಬ್ಬರು ಸೋದರರಿಗೆಂದು ಎರಡು ಪೆಟ್ಟಿಗೆಯಲ್ಲಿ ಪಾಲು ಮಾಡಿ ಇಡಲಾಗಿತ್ತು. ಹರಾಜಿಗೆ ಹೋದಾಗ ಎರಡನ್ನೂ ಒಟ್ಟಿಗೆ ಸೇರಿಸಿ, ಒಬ್ಬನ ಸಂಗ್ರಹವೆಂದು ಹೆಸರಿಟ್ಟೇ ಮಾರಿದರು. ಪುಸ್ತಕವನ್ನು ಹಂಚಿಕೊಳ್ಳಬೇಡಿ, ಹಣವನ್ನು ಹಂಚಿಕೊಳ್ಳಿ.

ಯಾರದು ಈ ಟ್ರಂಕು?

ನಮ್ಮ ಕಡೆ ಈ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಆಮೇಲೆ ಮನಸ್ತಾಪವಾಗುವುದು ಇದರಿಂದಲೇ. ಮನೆಯಲ್ಲಿ ಉಳಿದ ಮಗನೇ ವಾರಸುದಾರ ಎಂಬ ಭಾವನೆ ಕಾನೂನಿನದಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಸ್ವಯಾರ್ಜಿತ ಆಸ್ತಿಯಲ್ಲಿ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಅದು ಜಮೀನಿಗೂ ಸರಿ, ಟ್ರಂಕಿನ ಪುಸ್ತಕಕ್ಕೂ ಸರಿ. ಮುಸ್ಲಿಂ ಕುಟುಂಬಗಳಲ್ಲಿ ಪಾಲಿನ ಲೆಕ್ಕ ಬೇರೆ, ಅಲ್ಲೂ ಹೆಣ್ಣುಮಕ್ಕಳಿಗೆ ಪಾಲುಂಟು. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಇದೆ.

ಪುಸ್ತಕಕ್ಕೆಂದು ವಕೀಲರ ಮನೆಗೆ ಹೋಗಬೇಕಿಲ್ಲ. ಪಟ್ಟಿಯ ಒಂದು ಪ್ರತಿಯನ್ನು ಅಮ್ಮನಿಗೆ ಓದಿ ಹೇಳಿ, ಅಕ್ಕ ತಂಗಿಯರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ಯಾರಿಗೆ ಯಾವುದು ಮನಸ್ಸಿಗೆ ಬೇಕೋ ಅದನ್ನು ಮೊದಲೇ ತೆಗೆದಿಡಲಿ. ಅಪ್ಪ ಮದುವೆಗೆ ಮುಂಚೆ ತಂದುಕೊಟ್ಟ 'ಬಸವೇಶ್ವರ'ವನ್ನು ಮಗಳು ಕೇಳಿದರೆ ಅದರ ಬೆಲೆ ಹಿಡಿದು ಲೆಕ್ಕಕ್ಕೆ ಸೇರಿಸುವ ಸಣ್ಣತನ ಯಾರಿಗೂ ಬೇಡ. ಉಳಿದದ್ದನ್ನು ಮಾರಲು ಎಲ್ಲರೂ ಒಪ್ಪಿದ ಮೇಲೆ ಒಬ್ಬರೇ ವ್ಯವಹಾರ ನೋಡಲಿ. ನಮ್ಮ ದೇಶದಲ್ಲಿ ಪಿತ್ರಾರ್ಜಿತಕ್ಕೆ ತೆರಿಗೆಯಿಲ್ಲ, ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಯಿತು. ಮಾರಿ ಬಂದ ಹಣ ದೊಡ್ಡದಾದರೆ ಮಾತ್ರ ತೆರಿಗೆ ಲೆಕ್ಕ ಬರೆಯುವವರನ್ನು ಒಮ್ಮೆ ಕೇಳಿ.

ಇನ್ನೊಂದು ಭಯವನ್ನೂ ಇಲ್ಲೇ ಕಳೆಯುತ್ತೇನೆ. ಹಳೇ ವಸ್ತು ಮಾರಿದರೆ ಪುರಾತತ್ವದವರು ಕೇಳುತ್ತಾರೆಯೇ ಎಂದು ಕೆಲವರು ಅಳುಕುತ್ತಾರೆ. 1972ರ ಪ್ರಾಚ್ಯವಸ್ತು ಕಾಯ್ದೆ ಹೇಳುವುದು ನೂರು ವರ್ಷ ದಾಟಿದ ವಸ್ತುಗಳ ಬಗ್ಗೆ, ಹಸ್ತಪ್ರತಿಗಳಾದರೆ 75 ವರ್ಷ. ನಮ್ಮ ಚಿತ್ರಕಥೆಗಳು ಆ ಲೆಕ್ಕಕ್ಕೆ ಬರುವುದಿಲ್ಲ.

ಬಿಸಿಲು, ಗೆದ್ದಲು, ಟೇಪು

ಕರಾವಳಿ ಮಲೆನಾಡಿನ ಸಂಗ್ರಾಹಕರು ಬೂಷ್ಟಿನ ಜೊತೆ ಹೋರಾಡುತ್ತಾರೆ. ನಮ್ಮ ಒಣಸೀಮೆಗೆ ಆ ಕಾಟ ಕಡಿಮೆ, ಪಾವಗಡದ ಗಾಳಿ ಕಾಗದಕ್ಕೆ ಒಳ್ಳೆಯದೇ. ಆದರೆ ಬೇಸಿಗೆಯಲ್ಲಿ ಹೆಂಚಿನ ಕೆಳಗಿನ ಅಟ್ಟ, ಶೀಟಿನ ಕೋಣೆ ಕುಲುಮೆಯಾಗುತ್ತವೆ. ಅಗ್ಗದ ಕಾಗದ ಶಾಖಕ್ಕೆ ಹಳದಿಯಾಗಿ, ಅಂಚು ಹಪ್ಪಳದಂತೆ ಮುರಿಯುತ್ತದೆ. ಗೆದ್ದಲಂತೂ ಹೇಳದೆ ಬರುತ್ತದೆ. ಟ್ರಂಕನ್ನು ಗೋಡೆಗೆ ತಾಗಿಸದೆ, ನೆಲದಿಂದ ಎತ್ತರಕ್ಕೆ ಇಡಿ. ನುಸಿಗುಳಿಗೆಯನ್ನು ಪುಸ್ತಕದೊಳಗೆ ತುರುಕದೆ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ.

ಒಳ್ಳೆಯ ಮನಸ್ಸಿನಿಂದ ಮಾಡುವ ಹಾಳು ಇನ್ನೂ ದೊಡ್ಡದು. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚುವುದು, ಮುಖಪುಟಕ್ಕೆ ಲ್ಯಾಮಿನೇಶನ್ ಮಾಡಿಸುವುದು, ತುಕ್ಕುಹಿಡಿದ ಪಿನ್ನನ್ನು ಎಳೆದು ಹೊಸದು ಹೊಡೆಯುವುದು, ಧೂಳು ಹೋಗಲೆಂದು ಬಿಸಿಲಿಗೆ ಹಾಕುವುದು, ಎಲ್ಲವೂ ಬೆಲೆ ಕಳೆಯುವ ಕೆಲಸಗಳೇ. ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಸಾಕು. ಆಗಿನ ಮೇಷ್ಟ್ರುಗಳು ಒಂದು ವರ್ಷದ ಸಂಚಿಕೆಗಳನ್ನು ರಟ್ಟು ಹಾಕಿ ಬೈಂಡು ಮಾಡಿಸುತ್ತಿದ್ದರು. ಅಂಚು ಕತ್ತರಿಸಿದ, ಮುಖಪುಟ ಕಿತ್ತ ಬೈಂಡು ಸಂಗ್ರಾಹಕರಿಗೆ ರುಚಿಸುವುದಿಲ್ಲ. ಆದರೂ ಅದನ್ನು ಬಿಚ್ಚಲು ಹೋಗಬೇಡಿ. ಹನ್ನೆರಡು ತಿಂಗಳೂ ಒಟ್ಟಿಗೆ ಉಳಿದಿರುವುದು ಆ ಬೈಂಡಿನಿಂದಲೇ, ಸಂಶೋಧಕರಿಗೂ ಗ್ರಂಥಾಲಯಕ್ಕೂ ಅಂಥದ್ದೇ ಬೇಕು.

ಪುಟದ ಮೇಲಿನ ಹೆಸರು, ಸರ್ಕ್ಯುಲೇಟಿಂಗ್ ಲೈಬ್ರರಿಯ ಮೊಹರು, ತುಂಬಿಸಿದ ಪದಬಂಧ ಬೆಲೆಯನ್ನು ಇಳಿಸುತ್ತವೆ ಎಂಬುದು ಮಾರುಕಟ್ಟೆಯ ಮಾತು. ಈ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮಧುಗಿರಿಯ ಯಾವುದೋ ಅಂಗಡಿಯ ರಬ್ಬರ್ ಸ್ಟಾಂಪು ಆ ಊರಲ್ಲಿ ಅಂಥದ್ದೊಂದು ಅಂಗಡಿ ಇತ್ತು ಎನ್ನುವುದಕ್ಕೆ ಉಳಿದಿರುವ ಏಕೈಕ ದಾಖಲೆ ಆಗಿರಬಹುದು. ಅಳಿಸಬೇಡಿ, ಫೋಟೊ ತೆಗೆದಿಡಿ.

ಎಲ್ಲಿ, ಹೇಗೆ, ಎಷ್ಟಕ್ಕೆ

ಈಗ ಮಾರಾಟಕ್ಕೆ ಬರೋಣ. ಎಲ್ಲವನ್ನೂ ಒಬ್ಬನಿಗೇ ಒಟ್ಟಾಗಿ ಕೊಡುವುದು ಮೊದಲನೇ ದಾರಿ. ಬೆಂಗಳೂರಿನ ಹಳೇ ಪುಸ್ತಕದ ವ್ಯಾಪಾರಿಗಳು, ಅವೆನ್ಯೂ ರಸ್ತೆಯವರು, ಬ್ರಿಗೇಡ್ ರಸ್ತೆಯ ಪಕ್ಕದ ಓಣಿಯಲ್ಲಿ 1945ರಿಂದ ಹೆಸರು ಮಾಡಿರುವ ಸೆಲೆಕ್ಟ್ ಬುಕ್ ಶಾಪ್, ಚರ್ಚ್ ಸ್ಟ್ರೀಟಿನ ಬ್ಲಾಸಂ, ಬುಕ್‌ವರ್ಮ್‌ನಂಥ ಅಂಗಡಿಗಳು ಇರುವ ಊರು ನಮಗೆ ಬಸ್ಸಿನ ದೂರದಲ್ಲಿದೆ. ವ್ಯಾಪಾರಿ ಕೊಡುವುದು ಅವನು ಮಾರುವ ಬೆಲೆಯ ಒಂದು ಭಾಗ ಮಾತ್ರ. ಅದರಲ್ಲಿ ಮೋಸವಿಲ್ಲ. ಬಾಡಿಗೆ, ಸಂಬಳ, ವರ್ಷಗಟ್ಟಲೆ ಖರ್ಚಾಗದೆ ಕೂರುವ ಪುಸ್ತಕ ಎಲ್ಲ ಅವನ ತಲೆಯ ಮೇಲಿರುತ್ತದೆ. ಮನೆ ಬೇಗ ಖಾಲಿಯಾಗಬೇಕಿದ್ದರೆ, ಓಡಾಡಲು ಯಾರಿಗೂ ಪುರುಸೊತ್ತಿಲ್ಲದಿದ್ದರೆ, ಇದೇ ಸರಿಯಾದ ದಾರಿ. ಟ್ರಂಕು ಹೊತ್ತುಕೊಂಡು ಹೋಗಬೇಡಿ. ಪಟ್ಟಿ ಕಳಿಸಿ, ಇಬ್ಬರು ಮೂವರಿಂದ ಬೆಲೆ ಕೇಳಿ, ಒಪ್ಪಿದ ಮೇಲೆ ಸಾಗಿಸಿ. ಇಲ್ಲಿಂದ ಹೊತ್ತುಕೊಂಡು ಹೋದ ಭಾರವನ್ನು ವಾಪಸು ತರಲಾರದೆ ಸಿಕ್ಕಷ್ಟಕ್ಕೆ ಕೊಟ್ಟು ಬರುವವರೇ ಹೆಚ್ಚು.

ಬಿಡಿಬಿಡಿಯಾಗಿ ಸಂಗ್ರಾಹಕರಿಗೇ ಮಾರುವುದು ಇನ್ನೊಂದು ದಾರಿ. ಫೇಸ್‌ಬುಕ್, ವಾಟ್ಸ್‌ಆ್ಯಪ್ ಬಳಗಗಳಲ್ಲಿ ಇಂದ್ರಜಾಲ, ಅಮರ ಚಿತ್ರ ಕಥೆ ಹುಡುಕುವವರು ದೇಶದ ತುಂಬ ಇದ್ದಾರೆ. ಬೆಂಗಳೂರಿನಲ್ಲಿ 2012ರಿಂದ ನಡೆಯುತ್ತಿರುವ ಕಾಮಿಕ್ ಕಾನ್ ಮೇಳಕ್ಕೂ ಅಂಥವರು ಬರುತ್ತಾರೆ. ಇಲ್ಲಿ ಬೆಲೆ ಹೆಚ್ಚು ಸಿಗುತ್ತದೆ, ತಿಂಗಳುಗಟ್ಟಲೆ ಸಮಯವೂ ಹೋಗುತ್ತದೆ. ಒಂದು ಅಪಾಯ ಖಂಡಿತ: ಒಳ್ಳೆಯ ಹತ್ತಿಪ್ಪತ್ತು ಮೊದಲ ವಾರವೇ ಹೋಗಿ, ಉಳಿದ ಇನ್ನೂರನ್ನು ಕೇಳುವವರೇ ಇರುವುದಿಲ್ಲ. ಆಮೇಲೆ ವ್ಯಾಪಾರಿಯ ಹತ್ತಿರ ಹೋದರೆ ಅವನೂ ಮುಖ ತಿರುಗಿಸುತ್ತಾನೆ. ಆದ್ದರಿಂದ ಸಾಧಾರಣವಾದವುಗಳ ಜೊತೆ ಒಂದೆರಡು ಆಸೆಪಡುವಂಥವನ್ನು ಸೇರಿಸಿ ಕಟ್ಟು ಮಾಡಿ ಮಾರುವುದು ಜಾಣತನ.

ಬೆಲೆ ಹುಡುಕುವಾಗ ಅಂತರ್ಜಾಲದಲ್ಲಿ ಯಾರೋ ಬರೆದುಕೊಂಡ ಬೆಲೆಯನ್ನು ನಂಬಬೇಡಿ. ಕೇಳುವ ಬೆಲೆಯನ್ನು ಯಾರು ಎಷ್ಟು ಬೇಕಾದರೂ ಬರೆಯಬಹುದು. ಮಾರಾಟವಾಗಿ ಮುಗಿದ ವ್ಯವಹಾರದಲ್ಲಿ ಎಷ್ಟು ಕೈಬದಲಾಯಿತು ಎಂಬುದೊಂದೇ ನಿಜವಾದ ಸುಳಿವು. ಅದೂ ಅದೇ ಭಾಷೆಯ, ಅದೇ ಮುದ್ರಣದ, ಹೆಚ್ಚುಕಡಿಮೆ ಅದೇ ಸ್ಥಿತಿಯ ಪ್ರತಿಯದ್ದಾಗಿರಬೇಕು. ಇಂಗ್ಲಿಷ್ 'ಟಿಪ್ಪು ಸುಲ್ತಾನ್'ಗೆ ಬಂದ ಬೆಲೆ ಕನ್ನಡದ 'ಟಿಪ್ಪು ಸುಲ್ತಾನ್'ಗೆ ಅನ್ವಯಿಸುವುದಿಲ್ಲ.

ಹಣದ ವಿಷಯದಲ್ಲಿ ಎಚ್ಚರ ಬೇಕು. "ಕ್ಯುಆರ್ ಕೋಡ್ ಕಳಿಸಿದೀನಿ ಸಾರ್, ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ" ಎಂದವನು ಕಳ್ಳ. ಹಣ ಬರುವುದಕ್ಕೆ ಯುಪಿಐ ಪಿನ್ ಬೇಕಿಲ್ಲ, ಹೋಗುವುದಕ್ಕೆ ಮಾತ್ರ ಬೇಕು. ಮೋಸವಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಹಣ ಖಾತೆಗೆ ಬಂದದ್ದನ್ನು ಬ್ಯಾಂಕಿನಲ್ಲೇ ನೋಡಿ, ಆಮೇಲೆ ಪುಸ್ತಕ ಕಳಿಸಿ. ಎರಡು ರಟ್ಟಿನ ನಡುವೆ ಇಟ್ಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸ್ಪೀಡ್ ಪೋಸ್ಟ್ ಮಾಡಿದರೆ ಕ್ಷೇಮ. ದೊಡ್ಡ ಪೆಟ್ಟಿಗೆಯಾದರೆ ಕೆಎಸ್‌ಆರ್‌ಟಿಸಿ 2021ರಲ್ಲಿ ಶುರುಮಾಡಿದ 'ನಮ್ಮ ಕಾರ್ಗೋ'ವನ್ನು ವಿಚಾರಿಸಿ.

ಕನ್ನಡದ ಪಾಲನ್ನು ಬೇರೆ ಇಡಿ

ಇಲ್ಲಿಯವರೆಗೆ ಹೇಳಿದ್ದು ಯಾವ ಊರಿನ ಸಂಗ್ರಹಕ್ಕೂ ಹೊಂದುತ್ತದೆ. ನಾನು ಒತ್ತಿ ಹೇಳಬೇಕಾದ ಮಾತು ಬೇರೆ. ಟ್ರಂಕಿನಲ್ಲಿ ಇಂಗ್ಲಿಷ್ ಪ್ರತಿಗಳಿದ್ದರೆ ಮನಸ್ಸಿಗೆ ತೊಂದರೆಯಿಲ್ಲದೆ ಮಾರಿ. ಅವುಗಳಿಗೆ ಕೊಳ್ಳುವವರಿದ್ದಾರೆ, ಕಾಪಾಡುವವರೂ ಇದ್ದಾರೆ, ಒಂದು ಪ್ರತಿ ಹೋದರೆ ಇನ್ನೊಂದು ಸಿಗುತ್ತದೆ. ಕನ್ನಡದ ಪ್ರತಿಗಳ ಸ್ಥಿತಿ ತಿರುಗುಮುರುಗು. ಕೊಳ್ಳುವವರು ಕಡಿಮೆಯಾದ್ದರಿಂದ ಬೆಲೆ ಕಡಿಮೆ, ಬೆಲೆ ಕಡಿಮೆಯಾದ್ದರಿಂದ ತೂಕಕ್ಕೆ ಹೋಗುತ್ತವೆ, ತೂಕಕ್ಕೆ ಹೋದದ್ದರಿಂದ ಉಳಿದಿರುವುದೇ ಕೆಲವು. ಮಾರುಕಟ್ಟೆ ಹೇಳುವ ಬೆಲೆಗೂ ಅವು ಕಳೆದುಹೋದರೆ ಆಗುವ ನಷ್ಟಕ್ಕೂ ಸಂಬಂಧವೇ ಇಲ್ಲ. ಫ್ಯಾಂಟಮ್‌ನ ಬಾಯಲ್ಲಿ ಕನ್ನಡ ಹೇಗೆ ಕೂತಿತು, ಅನುವಾದಕರು ಕಾಡಿನ ಕೂಗಿಗೆ, ಗುದ್ದಿನ ಸದ್ದಿಗೆ ಯಾವ ಅಕ್ಷರ ಹುಡುಕಿದರು, ಬಲೂನಿನೊಳಗೆ ಕೈಬರಹದಲ್ಲಿ ಕನ್ನಡ ಬರೆದವರು ಎಷ್ಟು ಚೆಂದ ಬರೆದರು, ಇದೆಲ್ಲ ಉಳಿದಿರುವುದು ಈ ಪ್ರತಿಗಳಲ್ಲಿ ಮಾತ್ರ. 1965ರ ಆ ಮೊದಲ ಹತ್ತಂತೂ ಅಮರ ಚಿತ್ರ ಕಥೆಯ ಇತಿಹಾಸದ ಮೊದಲ ಪುಟಗಳು.

ಹಾಗೆಂದು ಮಾರಲೇಬಾರದು ಎನ್ನುತ್ತಿಲ್ಲ. ಮನೆಯಲ್ಲಿ ಔಷಧಿಗೆ, ಫೀಸಿಗೆ ಹಣ ಬೇಕಾದವರಿಗೆ ಸಂಸ್ಕೃತಿಯ ಪಾಠ ಹೇಳುವುದು ಕ್ರೌರ್ಯ. ಮಾರಿ, ಆದರೆ ಕನ್ನಡದ ಸಾಲನ್ನು ಒಡೆಯದೆ ಒಬ್ಬರಿಗೇ ಮಾರಿ, ಬಿಡಿಸಿ ಚೆಲ್ಲುವವನಿಗಿಂತ ಕೂಡಿಸಿ ಇಡುವವನಿಗೆ ಕೊಡಿ. ಬೆಲೆಯಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಸರಿ. ಕೊಡುವ ಮುಂಚೆ ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿ ಮನೆಯಲ್ಲಿಟ್ಟುಕೊಳ್ಳಿ. ಅದನ್ನು ಅಂತರ್ಜಾಲಕ್ಕೆ ಏರಿಸುವುದು ಬೇರೆ ವಿಷಯ. ಪ್ರತಿ ನಿಮ್ಮದು, ಹಕ್ಕುಸ್ವಾಮ್ಯ ನಿಮ್ಮದಲ್ಲ. 1957ರ ಕಾಯ್ದೆಯ ಪ್ರಕಾರ ಲೇಖಕ, ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಅದು ಅವರ ವಾರಸುದಾರರದು ಇಲ್ಲವೇ ಹಕ್ಕು ಕೊಂಡ ಪ್ರಕಾಶಕರದು. ಹಳೇ ಕನ್ನಡ ಪುಸ್ತಕಗಳನ್ನು ಡಿಜಿಟಲ್ ಮಾಡುವ ಕೆಲಸ ಬೆಂಗಳೂರಿನಲ್ಲಿ 'ಸರ್ವೆಂಟ್ಸ್ ಆಫ್ ನಾಲೆಜ್' ಯೋಜನೆಯಡಿ ನಡೆದಿದೆ. ಯಾವುದನ್ನು ತೆರೆದಿಡಬಹುದು, ಯಾವುದನ್ನು ಇಡಬಾರದು ಎಂಬುದು ಅಂಥ ಕೆಲಸ ಮಾಡುವವರಿಗೆ ಗೊತ್ತಿರುತ್ತದೆ.

ಕೊಡುವುದೆಂದರೆ ಮಾರುವುದೇ ಆಗಬೇಕಿಲ್ಲ. ಪಾವಗಡದ ತಿರುಮಣಿ ಸುತ್ತಿನ ರೈತರು ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಬಿಟ್ಟುಕೊಟ್ಟರು. ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು, ಪಹಣಿ ಅವರ ಹೆಸರಿನಲ್ಲೇ ಉಳಿಯಿತು. ಅಪರೂಪದ ಪುಸ್ತಕವನ್ನೂ ಹಾಗೆ ಒಡೆತನ ಬಿಡದೆ ಸ್ಕ್ಯಾನಿಗೆ, ಪ್ರದರ್ಶನಕ್ಕೆ ಅವಧಿ ಬರೆದು ಕೊಡಬಹುದು. ಬೆಂಗಳೂರಿನ ಟ್ರಿನಿಟಿ ವೃತ್ತದ ಬಳಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಇದೆ, ಚಿತ್ರದ ಬೆಲೆ ತಿಳಿದವರು ಅಲ್ಲಿಗೆ ಬರುತ್ತಾರೆ. ವಿಶ್ವವಿದ್ಯಾಲಯದ ಕನ್ನಡ ವಿಭಾಗಗಳನ್ನೂ ಕೇಳಬಹುದು. ಏನೇ ಕೊಟ್ಟರೂ ಕಾಗದದ ಮೇಲೆ ಬರೆದು ಸಹಿ ಮಾಡಿಸಿಕೊಳ್ಳಿ.

ಕೊನೆಗೆ ಉಳಿಯುವ ರಾಶಿಯ ಮಾತು. ಎರಡೆರಡು ಪ್ರತಿ ಇರುವವು, ಈಚಿನ ಮರುಮುದ್ರಣಗಳು, ಮುಖಪುಟ ಹೋದವು, ಚಂಪಕ, ಟಿಂಕಲ್, ಭಾರತ-ಭಾರತಿ ಪುಸ್ತಕಗಳು. ಇವಕ್ಕೆ ಸಂಗ್ರಾಹಕರು ಕಾಸು ಕೊಡುವುದಿಲ್ಲ, ಗುಜರಿಯವನು ಕೊಡುವುದು ಒಂದು ದಿನದ ತರಕಾರಿಗೆ ಸಾಲದು. ಆದರೆ ಮಕ್ಕಳು ಓದುವುದು ಇವನ್ನೇ. 2020ರ ನವೆಂಬರ್ 14ರಂದು ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ಕಾಣುವಷ್ಟು ಸುಲಭವಾಗಿ ಚಿತ್ರವಿರುವ ಕಥೆಪುಸ್ತಕ ಕಾಣುವುದಿಲ್ಲ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಮೇಷ್ಟ್ರ ಮನೆಗಳಲ್ಲಿ ಈಗ ಪೆಟ್ಟಿಗೆ ಬಿಚ್ಚುತ್ತಿರುವ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ಆ ರಾಶಿಯನ್ನು ನಿಮ್ಮ ಊರಿನ ಪಂಚಾಯಿತಿ ಗ್ರಂಥಾಲಯಕ್ಕೆ ನೀವೇ ಒಯ್ದು ಕೊಡಿ. ಮೇಲ್ವಿಚಾರಕರು ಅದನ್ನು ದಾಖಲೆ ಪುಸ್ತಕದಲ್ಲಿ ಬರೆದುಕೊಳ್ಳುವವರೆಗೂ ಅಲ್ಲೇ ಇರಿ, ಬೀರುವಿನೊಳಗೆ ಬೀಗ ಹಾಕಿಡದೆ ಮಕ್ಕಳ ಕೈಗೆ ಸಿಗುವ ಕೆಳಗಿನ ಸಾಲಿನಲ್ಲಿ ಜೋಡಿಸಲು ಕೇಳಿಕೊಳ್ಳಿ.